ಕಮರಿಪೇಟೆಯ ಗುರುಶಿದ್ದಪ್ಪನೂ ಆರ್ಗಾನ್ ಬೆಸುಗೆಯೂ

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಟ್ಟಿದ ಮನೆಗಳ ಮುಂದೆ ಹಾದು ಹೋಗುವವರು ಕಿಟಕಿಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. ಕಬ್ಬಿಣದ ಗ್ರಿಲ್ಲಿನ ಮೂಲೆಯಲ್ಲಿ ಅರ್ಧ ಸೂರ್ಯ, ಅವನಿಂದ ಹೊರಟ ಕಿರಣಗಳು, ಕೆಳಗೆ ಎದುರುಬದುರಾಗಿ ಎರಡು ಹಂಸಗಳು. ಹಂಸಗಳ ಕೊರಳು ಮೊಂಡಾಗಿದ್ದರೆ ಅದು ಬೇರೆ ಯಾರದೋ ಕೆಲಸ. ಕೊರಳು ನೀಳವಾಗಿದ್ದು ಕೊಕ್ಕು ನಾಚಿದಂತೆ ತುಸು ಬಾಗಿದ್ದರೆ ಅದು ಗುರುಶಿದ್ದಪ್ಪನದು.

ಗುರುಶಿದ್ದಪ್ಪನು ಹೆಬ್ಬಳ್ಳಿಯ ಒಕ್ಕಲು ಮನೆತನದವನು. ಹೊಲ ಅಣ್ಣಂದಿರಿಗೇ ಸಾಲದಾದಾಗ ತಾಯಿ ಮುರಿಗೆವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಕಮರಿಪೇಟೆಯಲ್ಲಿ ಮನೆ ಮಾಡಿದನು. ಓಣಿಯ ತಿರುವಿನಲ್ಲಿದ್ದ ಲಕ್ಕಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಗ್ರಿಲ್ಲು, ಗೇಟು, ನೀರಿನ ಟಾಕಿಯ ಸ್ಟ್ಯಾಂಡು ಎಂದು ಬೆಸೆಯುತ್ತ ಬೆಸೆಯುತ್ತ ಮೀಸೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡವು. ಆಗದು ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ. ಅವನ ಗುಣವೂ ಅದೇ, ದೋಷವೂ ಅದೇ.

ಆ ದೋಷ ಹೊರಬಿದ್ದದ್ದು ತೊಂಬತ್ತೆಂಟರ ಬೇಸಿಗೆಯಲ್ಲಿ. ವಿದ್ಯಾನಗರದ ಕಾಲೇಜುಗಳ ಹತ್ತಿರ ಜಯಾ ಎಂಬ ಹೆಣ್ಣುಮಗಳು ಒಂದು ಖಾನಾವಳಿ ನಡೆಸುತ್ತಿದ್ದಳು. ಬಿಸಿ ರೊಟ್ಟಿ, ಮುಳಗಾಯಿ ಪಲ್ಯ, ಕೊನೆಗೆ ಕೇಳಿದಷ್ಟು ಮಜ್ಜಿಗೆ. ವಿದ್ಯಾರ್ಥಿಗಳು ಆ ಮಜ್ಜಿಗೆಗಾಗಿಯೇ ಬಿಸಿಲಿನಲ್ಲಿ ನಡೆದು ಬರುತ್ತಿದ್ದರು. ಮಜ್ಜಿಗೆ ಕಡೆದಿಡುವ ದೊಡ್ಡ ಸ್ಟೀಲಿನ ಡಬರಿಯ ತಳದಲ್ಲಿ ಒಂದು ದಿನ ಬೆಸುಗೆ ಬಿಟ್ಟಿತು. ಆಕೆ ಅದನ್ನು ಆಟೋದಲ್ಲಿ ಹೇರಿಕೊಂಡು ಲಕ್ಕಪ್ಪನ ಅಂಗಡಿಗೆ ತಂದಳು. ಗುರುಶಿದ್ದಪ್ಪನು ಎಂದಿನಂತೆ ಆಗಲಿ ಎಂದನು. ಗ್ರಿಲ್ಲಿಗೆ ಬಳಸುವ ಕಡ್ಡಿಯಿಂದಲೇ ಬೆಸೆದು, ಕಬ್ಬಿಣದ ಬ್ರಶ್ಶಿನಿಂದ ತಿಕ್ಕಿ, ನೀರು ಹಾಕಿ ತೋರಿಸಿದನು. ಒಂದು ಹನಿಯೂ ಸೋರಲಿಲ್ಲ.

ಮರುದಿನ ಮಧ್ಯಾಹ್ನ ಜಯಾ ಒಂದು ಗಾಜಿನ ಲೋಟವನ್ನು ಹಿಡಿದುಕೊಂಡು ಅಂಗಡಿಯ ಕಟ್ಟೆ ಹತ್ತಿದಳು. ಲೋಟದಲ್ಲಿದ್ದ ಮಜ್ಜಿಗೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಂಪಗಿತ್ತು.

"ಏನಣ್ಣಾ ಇದು? ಊಟಕ್ಕ ಕುಂತ ಹುಡುಗೂರು 'ಅಕ್ಕಾರ, ಇವತ್ತ ಟೊಮೆಟೊ ಮಜ್ಜಿಗಿ ಏನ್ರಿ' ಅಂತ ಕೇಳಾಕತ್ತಾವ. ಡಬರಿ ತಳದಾಗ ಜಂಗ ಕಿತ್ತಿ ಬಂದೈತಿ!"

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಲಕ್ಕಪ್ಪನು ಎಲೆ ಮಡಚುತ್ತ ನಕ್ಕನು. "ಅಕ್ಕಾರ, ಅದು ಸ್ಟೀಲ ಐತ್ರಿ. ಕಿಟಕಿ ಮಾಡೂ ಕೈಯಾಗ ಡಬರಿ ಕೊಟ್ರ ಹಂಸ ಬರಬಹುದು, ಮಜ್ಜಿಗಿ ಬರಂಗಿಲ್ಲ."

ಅಂಗಡಿಯಲ್ಲಿದ್ದವರೆಲ್ಲರೂ ನಕ್ಕರು. ಜಯಾ ನಗಲಿಲ್ಲ. ಗುರುಶಿದ್ದಪ್ಪನ ಕಿವಿಗಳು ಬಿಸಿಯಾದವು.

"ಜಯಕ್ಕಾ, ಹೊಸಾ ಡಬರಿ ನಾನ ಮಾಡಿಕೊಡ್ತೇನಿ. ಹಾಕಿದ ಮಜ್ಜಿಗಿ ಹಾಕಿದ್ಹಂಗ ಬೆಳ್ಳಗ ಇರಬೇಕು, ಅಂಥಾದ್ದು."

"ಯಾವಾಗ?"

"ದಸರಾದೊಳಗ."

"ಎಲ್ಲಿ ಮಾಡ್ತೀಪಾ?" ಎಂದು ಲಕ್ಕಪ್ಪನು ನಡುವೆ ಬಾಯಿ ಹಾಕಿದನು. "ಅದಕ್ಕ ಆರ್ಗಾನ ಬೇಕು. ನನ್ನ ಅಂಗಡ್ಯಾಗಂತೂ ಆ ಖಟಪಟಿ ಬ್ಯಾಡ."

"ಮನ್ಯಾಗ ಮಾಡ್ತೇನ್ರಿ ಮಾಲಕ್ರ."

ಆ ಮಾತು ಯೋಚಿಸಿ ಆಡಿದ್ದಲ್ಲ. ಆಡಿದ ಮೇಲೆ ನುಂಗುವಂತೆಯೂ ಇರಲಿಲ್ಲ. ಲಕ್ಕಪ್ಪನು ಕೆಟ್ಟ ಮನುಷ್ಯನೇನಲ್ಲ. ಎರಡು ದೋಣಿಯಲ್ಲಿ ಕಾಲಿಡುವವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. "ದಸರಾದ ಖಂಡೇ ಪೂಜಿ ಮಟಾ ನಿನ್ನ ಸ್ಟೂಲ ಖಾಲಿ ಇಟ್ಟಿರ್ತೇನಿ. ಡಬರಿ ಆತೋ, ನಿನ್ನ ದಾರಿ ನಿನಗ. ಆಗಲಿಲ್ಲೋ, ಬಂದು ಕೂಡು. ಮುಂದ ಸಾಯೂ ತನಕಾ ಆರ್ಗಾನ ಅನ್ನೂ ಮಾತ ತಗೀಬಾರದು, ನೋಡ ಮತ್ತ" ಎಂದನು. ಗುರುಶಿದ್ದಪ್ಪನು ಒಪ್ಪಿ, ತನ್ನ ಸುತ್ತಿಗೆಯನ್ನೂ ಮುಖವಾಡವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದನು.

ಮನೆಯಲ್ಲಿ ಹೆಂಡತಿ ಸುಕನ್ಯಾ ಸುದ್ದಿ ಕೇಳಿ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು. "ಇದ್ದ ಕೆಲಸಾ ಬಿಟ್ಟು ಬಂದ್ರಿ, ಅದೂ ಒಂದು ಡಬರಿ ಸಲುವಾಗಿ?" ದೇವರ ಮಾಡದ ಮುಂದೆ ಕುಳಿತಿದ್ದ ಮುರಿಗೆವ್ವನೊಬ್ಬಳೇ ಬೇರೆ ಮಾತನಾಡಿದಳು. "ಮಾತ ಕೊಟ್ಟ ಬಂದಾನವಾ. ಆ ಹೆಣಮಗಳ ಡಬರಿ ಇಂವನ ಕೈಯಾಗ ಕೆಟ್ಟೈತಿ. ದಸರಾ ಮಟಾ ಮಾಡ್ಲಿ ಬಿಡು. ಆಮ್ಯಾಲೆ ಇಬ್ಬರೂ ಕೂಡಿ ಬಯ್ಯೂಣಂತ."

ಆರ್ಗಾನ್ ಅನಿಲದ ಬೆಸುಗೆ ಎಂದರೆ ಆ ಕಾಲದಲ್ಲಿ ದೊಡ್ಡ ಕಾರ್ಖಾನೆಗಳ ಮಾತು. ಇಂದು ಊಟದ ಡಬ್ಬಿಯಂಥ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಅಂದು ಮನೆಯಲ್ಲಿ ಅಂಥದೊಂದನ್ನು ಇಟ್ಟುಕೊಳ್ಳುತ್ತೇನೆಂದರೆ ಮಹಡಿಯ ಮೇಲೆ ಆನೆ ಕಟ್ಟುತ್ತೇನೆಂದಂತೆ. ಗುರುಶಿದ್ದಪ್ಪನಿಗೆ ಅದರ ಗಂಧವೂ ಇರಲಿಲ್ಲ. ಹಿಂದಿನ ಓಣಿಯ ಮಕಬೂಲಸಾಬನಿಗೆ ಇತ್ತು. ಆತನು ಪುಣೆಯ ಕಡೆ ಹಾಲಿನ ಟಾಕಿಗಳನ್ನು ಕಟ್ಟುವ ಕಾರ್ಖಾನೆಯೊಂದರಲ್ಲಿ ಜೀವ ತೇಯ್ದು, ಕೈನಡುಕ ಬಂದ ಮೇಲೆ ಊರಿಗೆ ಮರಳಿದ್ದನು. ಕೈ ನಡುಗುತ್ತಿದ್ದರೂ ಕಣ್ಣು ಚುರುಕಾಗಿತ್ತು. ಗುರುಶಿದ್ದಪ್ಪನು ಹೋಗಿ ಕೇಳಿದಾಗ ಮುದುಕನ ಮುಖ ಅರಳಿತು.

"ಬಾರೋ ತಮ್ಮಾ, ಕೂಡು. ನೀ ಇಷ್ಟ ದಿನಾ ಮಾಡಿದ್ದು ಬೆಂಕಿ ಕೆಲಸ. ಇದು ಗಾಳಿ ಕೆಲಸ. ನಿನ್ನ ಹಳೇ ಕಡ್ಡಿಗೆ ಮ್ಯಾಲೊಂದು ಲೇಪ ಇರತಿತ್ತು, ಅದು ಕರಗಿ ಬೆಸಿಗಿ ಮ್ಯಾಲ ಹೊದಿಕಿ ಆಗತಿತ್ತು, ನಿನ್ನ ತಪ್ಪೆಲ್ಲಾ ಮುಚ್ಚತಿತ್ತು. ಇಲ್ಲಿ ಹೊದಿಕಿ ಇಲ್ಲ. ಕರಗಿದ ಸ್ಟೀಲಿನ ಸುತ್ತ ಆರ್ಗಾನ ಗಾಳಿ ನಿಂತು ಕಾಯತೈತಿ, ಅಷ್ಟ. ಹೊರಗಿನ ಗಾಳಿ ಬಡೀಲಿ, ಎಣ್ಣಿ ಹತ್ಲಿ, ಧೂಳ ಬೀಳ್ಲಿ, ಕೆಟ್ಟು ಹೋತು. ಇದು ಸುಳ್ಳ ಹೇಳೂ ಕೆಲಸಲ್ಲ."

ಇಬ್ಬರೂ ಕೂಡಿ ಸಾಮಾನು ಹೊಂದಿಸಿದರು. ಹೊಸದಾಗಿ ಕೊಂಡದ್ದು ಬಹಳ ಕಡಿಮೆ. ಗುಜರಿಯಲ್ಲಿ ಮೂಲೆ ಹಿಡಿದಿದ್ದ ಹಳೆಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರೊಂದನ್ನು ಕೈಗಾಡಿಯ ಮೇಲೆ ತಂದು, ಅದರ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಲು ಮಕಬೂಲಸಾಬನು ಡಯೋಡುಗಳನ್ನು ಕೂಡಿಸಿದನು. ಬೆಂಕಿ ಹೊತ್ತಿಸುವ ಟಾರ್ಚು ಯಾರದೋ ಕಾರ್ಖಾನೆ ಮುಚ್ಚಿದಾಗ ಹೊರಬಿದ್ದದ್ದು. ಅದರ ಸೀಳಿದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದರು. ಟಾರ್ಚಿನ ತುದಿಗೆ ಬೇಕಾದ ಟಂಗ್‌ಸ್ಟನ್ ಸೂಜಿಯನ್ನೂ ಬೆಸುಗೆಯಲ್ಲಿ ಕರಗಿ ಬೆರೆಯುವ ಸ್ಟೀಲಿನ ತೆಳು ಕಡ್ಡಿಗಳನ್ನೂ ಮಾತ್ರ ಹೊಸವನ್ನೇ ತರಬೇಕಾಯಿತು. ಗ್ಯಾಸ್ ಒಲೆ ಬಂದ ಮೇಲೆ ಹಿತ್ತಲಿನ ಕಟ್ಟಿಗೆಯ ಖೋಲಿ ಬರಿದಾಗಿತ್ತು. ಅದೇ ಕಾರ್ಖಾನೆಯಾಯಿತು. ಬೆಸುಗೆಯ ಹಿಂದೆ ಒತ್ತಿ ಹಿಡಿಯಲು ತಾಮ್ರದ ಪಟ್ಟಿ ಬೇಕೆಂದು ಮಕಬೂಲಸಾಬನು ಹೇಳಿದಾಗ ಮುರಿಗೆವ್ವನು ಅಟ್ಟದಿಂದ ತಳ ಹೋದ ನೀರಿನ ಹಂಡೆಯನ್ನು ಇಳಿಸಿಕೊಟ್ಟಳು. "ನಾ ಬಾಣಂತಿ ಇದ್ದಾಗ ಎರಕೊಂಡ ಹಂಡೆ. ಬಡದು ಪಟ್ಟಿ ಮಾಡ್ರಿ."

ಕೊನೆಗೆ ಬಂದದ್ದು ಬಾಡಿಗೆಯ ಸಿಲಿಂಡರು, ನವಿಲುಗೊರಳಿನ ಬಣ್ಣದ್ದು, ಆಳೆತ್ತರದ್ದು. ಮುರಿಗೆವ್ವನು ಅದನ್ನು ಸುತ್ತುವರಿದು ನೋಡಿದಳು.

"ಇದು ಹತ್ತಿಕೊಳ್ಳತೈತೇನೋ?"

"ಇಲ್ಲಬೇ. ಇದು ಹತ್ತಂಗಿಲ್ಲ, ಉರಿಯಂಗಿಲ್ಲ, ಯಾರ ಜೋಡಿನೂ ಕೂಡಂಗಿಲ್ಲ. ಸುಮ್ಮ ನಿಂತು ಕಾಯತೈತಿ."

"ನಿಮ್ಮಪ್ಪನಂಥಾದ್ದು ಅನ್ನು" ಎಂದು ಮುರಿಗೆವ್ವನು ಹೇಳಲು, ಒಳಗಿನಿಂದ ಸುಕನ್ಯಾ ಬಹಳ ದಿನಗಳ ಮೇಲೆ ನಕ್ಕದ್ದು ಕೇಳಿಸಿತು.

ಅಂದೇ ಮುರಿಗೆವ್ವನು ಸ್ನಾನ ಮಾಡಿ ಬಂದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಯಂತ್ರಕ್ಕೂ ಸಿಲಿಂಡರಿಗೂ ಮೂರು ಬೆರಳಿನ ಪಟ್ಟೆ ಎಳೆದು ಕೈಮುಗಿದಳು. ಆ ಸೀಮೆಯಲ್ಲಿ ಹೊಸ ಸಾಮಾನು ಮನೆಗೆ ಬಂದರೆ ಅದಕ್ಕೂ ಹಣೆ ಉಂಟು ಎಂದೇ ಲೆಕ್ಕ. ಒಕ್ಕಲುತನವಿದ್ದಾಗ ಕೂರಿಗೆ, ಕುಂಟೆಗಳಿಗೆ ಬಳಿಯುತ್ತಿದ್ದ ಕೈಗೆ ಇಲ್ಲಿ ಯಂತ್ರ ಸಿಕ್ಕಿತ್ತು. ಲಕ್ಕಪ್ಪನ ಅಂಗಡಿಯಲ್ಲಿಯೂ ಅಮಾವಾಸ್ಯೆಗೊಮ್ಮೆ ನಡೆಯುತ್ತಿದ್ದ ಪದ್ಧತಿಯೇ ಅದು. ಮುರಿಗೆವ್ವನು ಅಮಾವಾಸ್ಯೆಗೆ ಕಾಯಲಿಲ್ಲ. ದಿನಾಲು ಪೂಜೆ ಮುಗಿಸಿ, ಮಗ ಏಳುವ ಮೊದಲೇ ಖೋಲಿಗೆ ಹೋಗಿ ಬರುವುದು ಆಕೆಯ ನಿಯಮವಾಯಿತು.

ಕಲಿಕೆ ಸುರುವಾಯಿತು. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಟಾರ್ಚು. ಸೂಜಿಯ ತುದಿ ಸ್ಟೀಲಿಗೆ ತಾಗದಂತೆ, ಆದರೆ ಕೂದಲೆಳೆಯಷ್ಟೇ ದೂರದಲ್ಲಿ ಓಡಬೇಕು. ಗ್ರಿಲ್ಲು ಬೆಸೆದ ಕೈಗೆ ಒತ್ತುವ ರೂಢಿ. ಮತ್ತೆ ಮತ್ತೆ ಸೂಜಿ ಕರಗಿದ ಸ್ಟೀಲಿನಲ್ಲಿ ಅದ್ದಿ ಮೊಂಡಾಗುತ್ತಿತ್ತು. ಅವನು ಅದನ್ನು ಮತ್ತೆ ಮತ್ತೆ ಕಲ್ಲಿಗೆ ಹಿಡಿದು ಚೂಪು ಮಾಡುತ್ತಿದ್ದನು. ಇತ್ತ ಅವನು ಬೆಂಕಿ ಹೊತ್ತಿಸಿದೊಡನೆ ಓಣಿಯ ಟಿ.ವಿ.ಗಳಲ್ಲಿ ಚಿತ್ರ ಕುಗ್ಗುತ್ತಿತ್ತು. ಎದುರುಮನೆಯ ಹೊಳೆವ್ವನು ಬಾಗಿಲಿಗೆ ಬಂದು ಕೂಗುತ್ತಿದ್ದಳು: "ಏ ಗುರುಶಿದ್ದಪ್ಪಾ! ನಮ್ಮ ಧಾರಾವಾಹಿ ಗಂಡಸು ಸಣಕಲು ಆಗ್ಯಾನ ನೋಡೋ! ಅಂವಾ ಆಕಿನ್ನ ಮದಿವಿ ಆಗೂ ಮಟಾ ಅರೆ ತಡಿ!" ಧಾರಾವಾಹಿಯ ವೇಳೆಯಲ್ಲಿ ಟಾರ್ಚು ಮುಟ್ಟುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಓಣಿ ಶಾಂತವಾಯಿತು.

ಆಷಾಢ ಬಂದಿತು. ಹುಬ್ಬಳ್ಳಿಯ ಆಷಾಢದ ಗಾಳಿಯೆಂದರೆ ಹೆಂಚನ್ನೇ ಎತ್ತುವಂಥದು. ಖೋಲಿಯ ಸಂದಿಗಳಿಂದ ನುಗ್ಗಿ ಆರ್ಗಾನನ್ನು ಊದಿಕೊಂಡು ಹೋಗುತ್ತಿತ್ತು. ಬೆಸುಗೆ ಸುಟ್ಟ ಬೆಲ್ಲದಂತೆ ಕಪ್ಪಾಗುತ್ತಿತ್ತು. ಬಾಗಿಲಿಗೆ ಮುರಿಗೆವ್ವನ ಹಳೆಯ ಕೌದಿಯನ್ನು ತೂಗುಬಿಟ್ಟು, ಸಂದಿಗಳಿಗೆ ಚಿಂದಿ ತುರುಕಿದ ಮೇಲೆ ಗಾಳಿ ಸೋತಿತು. ಕಬ್ಬಿಣ ತಿಕ್ಕಿದ ಬ್ರಶ್ಶನ್ನು ಸ್ಟೀಲಿಗೆ ಮುಟ್ಟಿಸಿದರೆ ಅದೇ ಜಂಗು ಹತ್ತುತ್ತದೆಂದು ಮಕಬೂಲಸಾಬನು ಬಯ್ದು ಹೊಸ ಸ್ಟೀಲ್ ಬ್ರಶ್ಶು ತರಿಸಿದನು. ಒಂದು ದಿನ ಎರಡು ತುಂಡುಗಳ ನಡುವೆ ನೀಟಾದ, ಸಣ್ಣ ಸಣ್ಣ ಅಲೆಗಳ, ಹೊನ್ನಿನ ಬಣ್ಣದ ಗೆರೆಯೊಂದು ಮೂಡಿತು. ಮುರಿಗೆವ್ವನು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ಕೌದಿ ಹೊಲಿಗಿ ಹಾಕಿದ್ಹಂಗ ಐತೆಲ್ಲೋ" ಎಂದಳು.

ಆದರೆ ಶ್ರಾವಣದಲ್ಲಿ ಕೆಲಸ ಇದ್ದಕ್ಕಿದ್ದಂತೆ ಕೆಟ್ಟಿತು. ಗಾಳಿಯಿರಲಿಲ್ಲ, ಬ್ರಶ್ಶು ಶುದ್ಧವಾಗಿತ್ತು, ಕೈಯೂ ಪಳಗಿತ್ತು. ಆದರೂ ಬೆಸುಗೆಯಲ್ಲಿ ಚಟಪಟ ಸದ್ದು, ಸಾಸಿವೆ ಕಾಳಿನಂಥ ತೂತುಗಳು. ಗುರುಶಿದ್ದಪ್ಪನು ಒಂದು ವಿಚಿತ್ರವನ್ನು ಕಂಡುಕೊಂಡನು. ಕಡ್ಡಿ ತಂದ ದಿನ ಬೆಸುಗೆ ಸೊಗಸಾಗಿ ಬರುತ್ತಿತ್ತು. ಅದೇ ಕಟ್ಟಿನ ಕಡ್ಡಿ ಮರುದಿನ ಕೆಡುತ್ತಿತ್ತು. ಅವನು ಕಡ್ಡಿ ಮಾರಿದವನ ಜೊತೆ ಜಗಳಾಡಿದನು. ಕಡ್ಡಿಗಳನ್ನು ಬಿಸಿಲಿಗಿಟ್ಟನು. ಕರೆಂಟು ಏರಿಸಿದನು, ಇಳಿಸಿದನು. ಡಬರಿಗೆಂದು ತಂದು, ಕೈಗಾರಿಕಾ ಪ್ರದೇಶದಲ್ಲಿ ದುಂಡಗೆ ಬಗ್ಗಿಸಿಕೊಂಡು ಬಂದಿದ್ದ ಸ್ಟೀಲಿನ ತಗಡು ಖೋಲಿಯಲ್ಲಿ ಹಾಗೆಯೇ ನಿಂತಿತ್ತು. ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ಇನ್ನೊಂದು ತಗಡು ತರುವಂತಿರಲಿಲ್ಲ. ಗಣೇಶ ಚೌತಿಯೂ ಮುಗಿಯಿತು. ಓಣಿಯಲ್ಲಿ ಎದುರಾದಾಗ ಲಕ್ಕಪ್ಪನು ಕೇಳುತ್ತಿದ್ದನು: "ಆರ್ಗಾನ ಸಾವ್ಕಾರ, ಸ್ಟೂಲ ಒರಸಿ ಇಡ್ಲ್ಯೋ ಹೆಂಗ?"

ಗುರುಶಿದ್ದಪ್ಪನು ಮಕಬೂಲಸಾಬನನ್ನು ಕರೆತಂದನು. ಮುದುಕನು ಖೋಲಿಯನ್ನೆಲ್ಲ ನೋಡಿದನು. ಸಿಲಿಂಡರು ನೋಡಿದನು, ಟಾರ್ಚು ನೋಡಿದನು. ಕಟ್ಟಿನಿಂದ ಒಂದು ಕಡ್ಡಿ ಎಳೆದು ಎರಡು ಬೆರಳುಗಳ ನಡುವೆ ಜಾರಿಸಿ, ಬೆರಳಿನ ತುದಿಯನ್ನು ಬೆಳಕಿಗೆ ಹಿಡಿದನು. ಆಗಲೇ ಮುರಿಗೆವ್ವನು ಚಹಾ ತಂದಳು. ಆತನು ಆಕೆಯ ಮುಖವನ್ನೊಮ್ಮೆ ನೋಡಿ, ಬೆರಳನ್ನು ಲುಂಗಿಗೆ ಒರೆಸಿಕೊಂಡನು.

"ಏನಾಗೈತ್ರಿ ಕಾಕಾ?" ಎಂದನು ಗುರುಶಿದ್ದಪ್ಪ.

"ಏನಿಲ್ಲಪಾ. ಖೋಲಿ ಹಸಿ ಐತಿ. ಕಡ್ಡಿ ಇಲ್ಲಿ ಇಡಬ್ಯಾಡ, ನಮ್ಮ ಮನ್ಯಾಗ ಇಡು. ಬೇಕಾದಾಗ ಒಯ್ಯಿ. ಮತ್ತ ಏನ ಬೆಸಿಯೂದಿದ್ರೂ ಮೊದಲ ಸ್ಪಿರಿಟ್ ಹಚ್ಚಿ ಒರಸಿಕೊ."

ಗುರುಶಿದ್ದಪ್ಪನಿಗೆ ಈ ಮಾತು ಸರಿಬರಲಿಲ್ಲ. ನೆಲ ಒಣಗಿ ಬಿರುಕು ಬಿಟ್ಟಿರುವ ಖೋಲಿಯಲ್ಲಿ ಹಸಿ ಎಲ್ಲಿಯದು? ಆದರೂ ಹೇಳಿದಂತೆ ಮಾಡಿದನು, ಸ್ಪಿರಿಟ್ ಒರೆಸುವುದನ್ನು ಮಾತ್ರ ಆಗಾಗ ಮರೆಯುತ್ತಿದ್ದನು. ಕಡ್ಡಿಗಳು ಮಕಬೂಲಸಾಬನ ಮನೆಯ ಕಪಾಟು ಸೇರಿದವು. ಅಂದಿನಿಂದ ಬೆಸುಗೆಯ ತೂತುಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ.

ಡಬರಿಯ ಉದ್ದನೆಯ ಬೆಸುಗೆ ಹಾಕಬೇಕೆಂದು ನಿಶ್ಚಯಿಸಿದ ದಿನ ಗುರುಶಿದ್ದಪ್ಪನು ಎಂದಿಗಿಂತ ಬೇಗ ಎದ್ದನು. ಹಿತ್ತಲಿಗೆ ಹೋದಾಗ ಕೌದಿಯ ಸೆರಗು ಸರಿದಿತ್ತು. ಒಳಗೆ ಮುರಿಗೆವ್ವನು ತಗಡಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಬೆಸುಗೆ ಕೂಡಬೇಕಾದ ಎರಡು ಅಂಚುಗಳ ಮೇಲೆ, ಮೇಲಿನಿಂದ ಕೆಳಗಿನವರೆಗೆ, ತೇಯ್ದ ವಿಭೂತಿಯನ್ನು ಬೆರಳಿನಿಂದ ನಿಧಾನವಾಗಿ ಸವರುತ್ತಿದ್ದಳು. ನಡುವೆ ಒಂದು ಕುಂಕುಮದ ಬೊಟ್ಟು. ಟಾರ್ಚಿನ ಮೂತಿಗೂ ಬಿಳಿಯ ಪಟ್ಟೆ. ತುಟಿಗಳು ಏನನ್ನೋ ಜಪಿಸುತ್ತಿದ್ದವು. ಆಮೇಲೆ ಕಡ್ಡಿಯ ಕಟ್ಟು ಇರುತ್ತಿದ್ದ ಹಲಗೆಯ ಮೇಲೆ ಕೈಯಾಡಿಸಿ, ಬರಿದಾದುದನ್ನು ಕಂಡು, ಆ ಹಲಗೆಗೇ ಪಟ್ಟೆ ಎಳೆದಳು.

ಗುರುಶಿದ್ದಪ್ಪನು ಹೊಸ್ತಿಲಲ್ಲಿಯೇ ನಿಂತನು. ದಿನಾಲು ಕಣ್ಣಿಗೆ ಬೀಳುತ್ತಿದ್ದುದನ್ನು ಅವನು ಅಂದೇ ಕಂಡದ್ದು. ಶ್ರಾವಣ ಹಿಡಿದಾಗಿನಿಂದ ಆಕೆಯ ಭಕ್ತಿ ಯಂತ್ರವನ್ನು ದಾಟಿ ಕಡ್ಡಿಗಳಿಗೂ ತಗಡಿಗೂ ಇಳಿದಿತ್ತು. ಮನೆಯಲ್ಲಿ ವಿಭೂತಿ ಇರುವುದು ಗೋಡೆಗೆ ಸುಣ್ಣ ಇದ್ದಂತೆ. ಯಾರು ಅದನ್ನು ನೋಡುತ್ತಾರೆ? ಬೆಳಿಗ್ಗೆ ಕಡ್ಡಿಯ ಮೇಲೆ ಬೆರಳಿಗೆ ಹತ್ತಿದ್ದನ್ನು ಭಕ್ತಿಯಿಂದ ಹಣೆಗೊತ್ತಿಕೊಂಡು ಅವನು ಕೆಲಸಕ್ಕೆ ಕುಳಿತದ್ದೂ ಉಂಟು. ಹಳೆಯ ಕಡ್ಡಿಯ ಲೇಪದಡಿಯಲ್ಲಿ ಎಂಥ ಬೂದಿಯಾದರೂ ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಚ್ಚುವವರಿರಲಿಲ್ಲ. ಮಕಬೂಲಸಾಬನು ಬೆರಳನ್ನು ಲುಂಗಿಗೆ ಒರೆಸಿಕೊಂಡದ್ದು ಏಕೆಂದು ಈಗ ತಿಳಿಯಿತು. ಅನ್ಯಮತದ ಮುದುಕನು ಒಬ್ಬ ತಾಯಿಯ ಎದುರಿಗೆ 'ನಿಮ್ಮ ವಿಭೂತಿಯಿಂದ ಕೆಟ್ಟಿದೆ' ಎನ್ನಲಾರದೆ, ಖೋಲಿಯ ಮೇಲೆ ಹಸಿಯ ಅಪವಾದ ಹೊರಿಸಿ ಹೋಗಿದ್ದನು.

ತಿಳಿದದ್ದೇನೋ ಆಯಿತು. ಹೇಳುವುದು ಹೇಗೆ? ಎಲ್ಲರೂ ಬೇಡವೆಂದಾಗ ಮಾಡಲಿ ಎಂದವಳು ಆಕೆ. ಆ ಯಂತ್ರದ ವಿಷಯದಲ್ಲಿ ಆಕೆಗೆ ಬರುತ್ತಿದ್ದ ಕೆಲಸ ಅದೊಂದೇ. ಅದನ್ನೂ ಬೇಡವೆಂದರೆ ಆ ಖೋಲಿಯಲ್ಲಿ ಆಕೆಗೆ ಉಳಿಯುವುದೇನು? ಗುರುಶಿದ್ದಪ್ಪನು ಅಂದು ಬೆಸುಗೆ ಹಾಕಲಿಲ್ಲ. ತಾಯಿ ಒಳಗೆ ಹೋದ ಮೇಲೆ ಸ್ಪಿರಿಟ್ ಹಚ್ಚಿ ಅಂಚುಗಳನ್ನು ಗುಟ್ಟಾಗಿ ಒರೆಸಿಟ್ಟನು. ಮರುದಿನ ಬೆಳಿಗ್ಗೆ ನೋಡಿದರೆ ವಿಭೂತಿ ಮತ್ತೆ ಸವರಲ್ಪಟ್ಟಿತ್ತು, ಮೊದಲಿಗಿಂತ ದಪ್ಪವಾಗಿ. ಮತ್ತೆ ಒರೆಸಿದನು. ಮುರಿಗೆವ್ವನಿಗೆ ಅನುಮಾನ ಬಂದಿತು.

"ಸುಕನ್ಯಾ, ತಗಡಿನ ಮ್ಯಾಲಿನ ವಿಭೂತಿ ಯಾರ ಅಳಿಸ್ಯಾರ?"

ಸುಕನ್ಯಾ ಗಂಡನ ಮುಖ ನೋಡಿದಳು. ಗಂಡನು ಗೋಡೆ ನೋಡಿದನು. ಮುರಿಗೆವ್ವನು ಅಂದು ಅರ್ಧ ರೊಟ್ಟಿ ಉಂಡು ಎದ್ದಳು. ಮರುದಿನ ಪೂಜೆ ಮುಗಿಸಿ ಖೋಲಿಯ ಕಡೆಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಬಂದು ಕುಳಿತು ಓಣಿಯನ್ನು ನೋಡತೊಡಗಿದಳು.

ಸುಕನ್ಯಾ ಒಳಗೆ ಬಂದು ಗಂಡನಿಗೆ ಮೆಲ್ಲಗೆ ಗದರಿದಳು. "ಆ ಜೀವಾ ಏನ ತಿಳಕೊಂಡೈತಿ ಗೊತ್ತೇನ್ರಿ? ಮಗಗ ನನ್ನ ಕೈ ಬ್ಯಾಡಾಗೈತಿ ಅಂತ. ಖರೇ ಇದ್ದದ್ದು ಹೇಳ್ರಿ. ಸುಳ್ಳಿನ ಗಾಯಕ್ಕಿಂತ ಖರೇದ್ದು ಲಗೂ ಮಾಯತೈತಿ."

ಗುರುಶಿದ್ದಪ್ಪನು ಮಾತಿನಿಂದ ಹೇಳಲಿಲ್ಲ. ತಾಯಿಯ ಕೈಹಿಡಿದು ಖೋಲಿಗೆ ಕರೆದೊಯ್ದು, ಮುಖವಾಡ ಕೊಟ್ಟು ಕೂಡಿಸಿದನು. ತಗಡಿನ ಎರಡು ತುಣುಕು ತೆಗೆದುಕೊಂಡನು. ಒಂದಕ್ಕೆ, "ನೀನ ಹಚ್ಚಬೇ" ಎಂದು ವಿಭೂತಿ ಸವರಿಸಿದನು. ಇನ್ನೊಂದನ್ನು ಸ್ಪಿರಿಟ್ ಹಚ್ಚಿ ಒರೆಸಿದನು. ಎರಡನ್ನೂ ಆಕೆಯ ಎದುರಿಗೇ ಬೆಸೆದನು. ಮೊದಲನೆಯದು ಒಗ್ಗರಣೆಯಂತೆ ಚಟಪಟಗುಟ್ಟಿ ತೂತು ಬಿದ್ದಿತು. ಎರಡನೆಯದು ಸದ್ದಿಲ್ಲದೆ ಕೂಡಿತು.

ಮುರಿಗೆವ್ವನು ಮುಖವಾಡ ತೆಗೆದು ಎರಡನ್ನೂ ಮಡಿಲಲ್ಲಿಟ್ಟುಕೊಂಡು ನೋಡಿದಳು. ತೂತು ಬಿದ್ದ ಬೆಸುಗೆಯ ಮೇಲೆ ಬೆರಳಾಡಿಸಿದಳು.

"ಇಷ್ಟ ದಿನಾ ನಾನ ಕೆಡಿಸೇನಿ?"

"ಹಂಗಲ್ಲಬೇ..."

"ಹಂಗ ಐತಿ, ಸುಮ್ಮನಿರು. ಯಾಕ ಹೇಳಲಿಲ್ಲ? ಬೀಜದ ಜ್ವಾಳಕ್ಕ ಅಡಗಿ ಉಪ್ಪು ಹಾಕೂದಿಲ್ಲ, ಹಾಕಿದ್ರ ಮೊಳಕಿ ಬರೂದಿಲ್ಲ ಅಂತ ನನಗ ತಿಳಿಯಂಗಿಲ್ಲೇನು? ಉಪ್ಪಿನ ಮ್ಯಾಲ ಸಿಟ್ಟಲ್ಲ, ಜಾಗಾ ಬ್ಯಾರೆ. ಶಿವಗ ಕೂಡಾಕ ಹಣಿ ಐತಿ, ಸಿಲಿಂಡರಿನ ಹೊಟ್ಟಿ ಐತಿ. ಅಂಚಿನಾಗ ಹೊಕ್ಕು ಕೂಡಬೇಕಂತ ಅಂವೇನು ಹಟಾ ಹಿಡದಾನ?"

ಅಷ್ಟರಲ್ಲಿ ಕಡ್ಡಿ ಹಿಡಿದುಕೊಂಡು ಮಕಬೂಲಸಾಬನು ಒಳಗೆ ಬಂದನು. ಮುರಿಗೆವ್ವನು ಅವನ ಮೇಲೆ ಏರಿಹೋದಳು.

"ಬಾರೋ ಮಕಬೂಲಾ! ಖೋಲಿ ಹಸಿ ಐತಿ ಅಂದ್ಯಲ್ಲ? ಎಲ್ಲಿ ಐತಿ ತೋರಿಸು ಆ ಹಸಿ!"

ಮುದುಕನು ತಬ್ಬಿಬ್ಬಾಗಿ ಗುರುಶಿದ್ದಪ್ಪನನ್ನೂ ಮಡಿಲಿನ ತುಣುಕುಗಳನ್ನೂ ನೋಡಿದನು. "ಅಕ್ಕಾ, ನಾ ಹೆಂಗ ಹೇಳ್ಲಿ? ದೇವರ ವಸ್ತು..."

"ನನ್ನ ತಮ್ಮ ಆಗಿದ್ರ ಹೇಳ್ತಿದ್ದಿ. ಅಕ್ಕಾ ಅಂತಿ, ಪರಕೀಯರಂಗ ನಡಕೊಂತಿ." ಹಾಗೆಂದು ಬಯ್ದು, ಅದೇ ಉಸಿರಿನಲ್ಲಿ ಸೊಸೆಗೆ ಮತ್ತೊಂದು ಲೋಟ ಚಹಾಕ್ಕೆ ಕೂಗಿದಳು. ಆಮೇಲೆ ಮಗನ ಕಡೆಗೆ ತಿರುಗಿ, "ಆ ಒರಸೂ ಕೆಲಸಾ ನನಗ ಕೊಡು. ನೀ ಗಂಡಸು ಒರಸಿದ್ದು ಒರಸಿದ್ಹಂಗಲ್ಲ. ನನ್ನ ಹಳೇ ಸೀರಿ ಅರಿವಿ ಮೆತ್ತಗ ಅದಾವ" ಎಂದಳು.

ಅಂದಿನಿಂದ ಖೋಲಿಯಲ್ಲಿ ಆಕೆಯ ಜಾಗ ನಿಶ್ಚಿತವಾಯಿತು. ಒಗೆದು ಒಣಗಿಸಿದ ಇಳಕಲ್ಲ ಸೀರೆಯ ತುಂಡುಗಳು, ಸ್ಪಿರಿಟಿನ ಬಾಟಲಿ, ಎರಡೂ ಆಕೆಯ ವಶ. ಕಡ್ಡಿಗಳನ್ನು ಒಂದೊಂದಾಗಿ ಒರೆಸಿ ಕೊಡುವಳು. ಅಂಚನ್ನು ಒರೆಸಿ, ಬೆಳಕಿಗೆ ಹಿಡಿದು, ಸಮಾಧಾನವಾಗದಿದ್ದರೆ ಮತ್ತೆ ಒರೆಸುವಳು. ಒರೆಸಿದ ಮೇಲೆ ಮಗನು ಬೆರಳು ಮುಟ್ಟಿಸಿದರೆ ಕೈಮೇಲೆ ಹೊಡೆಯುವಳು. ಡಬರಿಯ ಉದ್ದನೆಯ ಬೆಸುಗೆಗೆ ತಾಮ್ರದ ಪಟ್ಟಿಯನ್ನು ಹಿಂದೆ ಒತ್ತಿ ಹಿಡಿದವಳು ಸುಕನ್ಯಾ. ಬಾಗಿಲಲ್ಲಿ ಕುಳಿತು, ಕಣ್ಣು ಮುಚ್ಚಿ, ಬೆಂಕಿಯ ಸದ್ದನ್ನಷ್ಟೇ ಕೇಳುತ್ತ "ಹಾಂ... ಮುಂದ ಹೋಗು... ತಡಿ, ಕಾವು ಏರಾಕತ್ತೈತಿ" ಎಂದು ನಡೆಸಿದವನು ಮಕಬೂಲಸಾಬ. ತಳದ ಸುತ್ತು ಬೆಸುಗೆಗೆ ಇನ್ನೂ ಕೆಲವು ದಿನ ಹಿಡಿದವು. ಒಂದೆಡೆ ಗುರುಶಿದ್ದಪ್ಪನ ಕೈ ತಪ್ಪಿ ಸೂಜಿ ಅದ್ದಿತು. ಅಲ್ಲಿ ಉಜ್ಜಿ ತೆಗೆದು ಮತ್ತೆ ಹಾಕಿದನು. ಡಬರಿ ಮುಗಿದಾಗ ನವರಾತ್ರಿಯ ಘಟಸ್ಥಾಪನೆ ಆಗಿಹೋಗಿತ್ತು. ಆಯುಧಗಳಿಗೆ ಪೂಜೆ ಸಲ್ಲುವ ಖಂಡೇ ಪೂಜೆ ಎದುರಿಗೇ ಇತ್ತು.

ಆಟೋದಲ್ಲಿ ಡಬರಿಯನ್ನು ತಬ್ಬಿಕೊಂಡು ಗುರುಶಿದ್ದಪ್ಪನು ವಿದ್ಯಾನಗರಕ್ಕೆ ಹೋದನು. ಜಯಾ ಡಬರಿಯನ್ನು ಬಡಿದು ನೋಡಿದಳು, ಒಳಗೆ ತಲೆ ಹಾಕಿ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. "ಹೋದ ಸಲಾನೂ ಹಿಂಗ ಮಿರಿಮಿರಿ ಮಿಂಚತಿತ್ತು" ಎಂದಷ್ಟೇ ಹೇಳಿ, ಎರಡು ದಿನದ ಹುಳಿ ಮಜ್ಜಿಗೆ ತರಿಸಿ, ಹಿಡಿ ಉಪ್ಪು ಹಾಕಿ, ಬೆಸುಗೆ ಮುಳುಗುವಷ್ಟು ತುಂಬಿಸಿ, ಮೇಲೆ ಬಿಳಿಯ ಬಟ್ಟೆ ಕಟ್ಟಿದಳು. "ನಾಳಿ ಊಟದ ಹೊತ್ತಿಗೆ ಬರ್ರಿ. ಮಜ್ಜಿಗಿ ಏನ ಹೇಳತೈತಿ, ಅದ ನನ್ನ ಮಾತು."

ಮರುದಿನ ಗುರುಶಿದ್ದಪ್ಪನು ಹೋದಾಗ ಖಾನಾವಳಿಯ ತುಂಬ ಹುಡುಗರು ಕುಳಿತಿದ್ದರು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅವನು ಬಾಗಿಲ ಪಕ್ಕದ ಬಾಕಿನ ಮೇಲೆ ತುದಿಯಲ್ಲಿ ಕುಳಿತನು. ತಾನು ಬಂದದ್ದನ್ನು ಯಾರಾದರೂ ಗಮನಿಸಿಯಾರೋ ಎಂಬ ಅಳುಕು, ಗಮನಿಸಲಿಲ್ಲವಲ್ಲ ಎಂಬ ಅಳುಕು, ಎರಡೂ ಇದ್ದವು. ಜಯಾ ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಬಂದಳು. ಮುಖದಲ್ಲಿ ನಗುವಿಲ್ಲ, ಸಿಟ್ಟೇ ಇದ್ದಂತಿತ್ತು. ಗುರುಶಿದ್ದಪ್ಪನ ಕಣ್ಣ ಮುಂದೆ ಲಕ್ಕಪ್ಪನ ಅಂಗಡಿಯ ಖಾಲಿ ಸ್ಟೂಲು ಬಂದು ನಿಂತಿತು.

"ಒಳಗ ಬರ್ರಿ" ಎಂದಳು.

ಅಡುಗೆಮನೆಯಲ್ಲಿ ಡಬರಿ ಇಟ್ಟಿಗೆಗಳ ಮೇಲೆ ಕುಳಿತಿತ್ತು. ಬಿಳಿಯ ಬಟ್ಟೆ ತೆಗೆದಿತ್ತು. ಹುಳಿ ಮಜ್ಜಿಗೆಯನ್ನು ಆಗಲೇ ಚೆಲ್ಲಿ, ತೊಳೆದು, ಅಂದಿನ ಹೊಸ ಮಜ್ಜಿಗೆಯನ್ನು ಅದರಲ್ಲಿಯೇ ಕಡೆದಿದ್ದರು. ಮೇಲೆ ಕರಿಬೇವು, ಕೊತ್ತಂಬರಿ ತೇಲುತ್ತಿದ್ದವು. ಕೆಲಸದಾಕೆ ಸೌಟಿನಿಂದ ತಂಬಿಗೆಗೆ ತುಂಬುತ್ತಿದ್ದಳು. ಮಜ್ಜಿಗೆ ಮಲ್ಲಿಗೆಯಂತೆ ಬೆಳ್ಳಗಿತ್ತು.

"ನೋಡಿದ್ರ್ಯಾ?" ಎಂದಳು ಜಯಾ. "ನಸುಕಿನಿಂದ ಎರಡ ಸಲ ನೊಣಾ ಬಿದ್ದಾವ ಇದರಾಗ. ಎರಡ ಸಲಾನೂ ಚೆಲ್ಲೀನಿ. ಡಬರಿ ಮಾಡ್ಯಾರಂತ, ಮುಚ್ಚಳಾ ಯಾರ ಮಾಡಬೇಕು? ನಿಮ್ಮಪ್ಪ ಬಂದು ಮಾಡ್ತಾನ?"

ಚೈತ್ರದಿಂದ ಆಶ್ವೀಜದವರೆಗೆ ಮನೆಯ ಮೂವರೂ ಮಕಬೂಲಸಾಬನೂ ಒಂದು ಬೆಸುಗೆಯನ್ನು ಕಾಯುತ್ತ ಕುಳಿತವರು ಮುಚ್ಚಳದ ಮಾತನ್ನೇ ಎತ್ತಿರಲಿಲ್ಲ.

"ಮಾಡ್ತೇನ್ರಿ ಜಯಕ್ಕಾ."

"ಯಾವಾಗ?"

"ಅಳತಿ ಕೊಡ್ರಿ ಮೊದಲ" ಎಂದು ಅವನು ನಡುವಿಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ಡಬರಿಯ ಬಾಯಿಯ ಸುತ್ತ ಹಿಡಿದು ಅಳೆಯತೊಡಗಿದನು.